ಹದಿನಾಲ್ಕು ತೂತುಗಳು

ಹಳೆಯ ಕಾರು ಸಾಕಿಕೊಂಡವನಿಗೆ ತುಕ್ಕಾನಟ್ಟಿಗಿಂತ ತಕ್ಕ ಊರು ಇನ್ನೊಂದಿಲ್ಲ ಎಂದು ಗೆಳೆಯರು ಛೇಡಿಸುತ್ತಾರೆ. ಹೆಸರಿನಲ್ಲೇ ತುಕ್ಕೂ ಇದೆ, ನಟ್ಟೂ ಇದೆ. ನನ್ನ 1997ರ ಮಾರುತಿ 800ರಲ್ಲಿ ಇವೆರಡಕ್ಕೂ ಬರವಿಲ್ಲ. ಬರ ಇರುವುದು ಮೂರನೆಯದಕ್ಕೆ. ವಾಯರುಗಳ ಕಟ್ಟನ್ನು ಬಾಡಿಗೆ ಹಿಡಿದು ನಿಲ್ಲಿಸುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಕೇಬಲ್ ಟೈ.

ಕಬ್ಬಿನ ಹಂಗಾಮಿನ ಒಂದು ರಾತ್ರಿ ಘಟಪ್ರಭಾ ಕಡೆಯಿಂದ ಊರಿಗೆ ಬರುತ್ತಿದ್ದೆ. ಮುಂದೆ ಎರಡು ಟ್ರೇಲರ್ ಕಬ್ಬು ಎಳೆಯುತ್ತಿದ್ದ ಟ್ರ್ಯಾಕ್ಟರ್, ಹಿಂದೆ ದೀಪವೇ ಇಲ್ಲ. ಚಕ್ರ ತಗ್ಗಿಗೆ ಇಳಿದಾಗ ನನ್ನ ಎಡಗಡೆಯ ಹೆಡ್‌ಲೈಟ್ ಆರಿತು, ಮೇಲೆ ಬಂದಾಗ ಹತ್ತಿತು. ಬಲ್ಬ್ ಲೂಸಾಗಿದೆ ಎಂದುಕೊಂಡೆ. ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದರೆ ಬಲ್ಬಿನದೇನೂ ತಪ್ಪಿರಲಿಲ್ಲ. ವಾಯರಿನ ಕಟ್ಟು ಆಸರೆ ತಪ್ಪಿ ಜೋತು ಬಿದ್ದು, ಅದರ ಭಾರವೆಲ್ಲ ದೀಪದ ಹೋಲ್ಡರಿನ ಕುತ್ತಿಗೆಗೆ ಬಿದ್ದಿತ್ತು. ತಿಂಗಳುಗಟ್ಟಲೆ ತೂಗಿ ತೂಗಿ ತಾಮ್ರದ ಎಳೆಗಳು ಒಂದೊಂದಾಗಿ ಹರಿದು ನಾಲ್ಕಾರು ಉಳಿದಿದ್ದವು. ಕೆಳಗಿನ ತಗಡಿನ ಮೇಲೆ ಬೆರಳ ತುದಿಯಷ್ಟು ಪ್ಲಾಸ್ಟಿಕ್ ಚೂರು ಬಿದ್ದಿತ್ತು. ಕೈಯಲ್ಲಿ ಹಿಡಿದು ಒತ್ತಿದರೆ ಹುರಿಗಡಲೆಯ ಸಿಪ್ಪೆಯ ಹಾಗೆ ಪುಡಿಯಾಯಿತು. ಆಮೇಲೆ ಟಾರ್ಚ್ ಹಿಡಿದು ಎಣಿಸಿದೆ. ಟೈ ಕಳಚಿ ಬಿದ್ದ ಖಾಲಿ ತೂತುಗಳು ಒಟ್ಟು ಹದಿನಾಲ್ಕು.

‘ಎರಡ ರೂಪಾಯಿ ಟ್ಯಾಗಿಗೆ ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ?’ ಎಂದರು ಗ್ಯಾರೇಜಿನವರು. ಹೋದಲ್ಲೆಲ್ಲ ಇದೇ ಮಾತು. ಅಂಗಡಿಯಲ್ಲಿ ಕೇಬಲ್ ಟೈ ಕೇಳಿದರೆ ನೂರರ ಬಿಳಿ ಕಟ್ಟು ತಂದಿಡುತ್ತಾರೆ. ಅದು ವಾಯರನ್ನು ವಾಯರಿಗೆ ಕಟ್ಟುತ್ತದೆ, ಕಾರಿಗೆ ಕಟ್ಟುವುದಿಲ್ಲ. ನನಗೆ ಬೇಕಾದ ಟೈಗೆ ತಲೆಯ ಕೆಳಗೆ ಒಂದು ಕಾಲಿರುತ್ತದೆ. ಆ ಕಾಲಿಗೆ ಸುತ್ತಲೂ ತೆಳ್ಳನೆಯ ಎಸಳುಗಳು. ತೂತಿನೊಳಗೆ ಒತ್ತಿದರೆ ಎಸಳು ಮಡಚಿಕೊಂಡು ಹೋಗಿ ಆಚೆ ಬದಿಯಲ್ಲಿ ಬಿಚ್ಚಿಕೊಳ್ಳುತ್ತವೆ, ಹಿಂದಕ್ಕೆ ಬರುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ‘ಫರ್ ಟ್ರೀ’ ಎಂಬ ಹೆಸರು. ಫರ್ ಮರ ಕಂಡಿರದ ನಮ್ಮ ಕಡೆಯ ಅಂಗಡಿಗಳಲ್ಲಿ ‘ಕಾಲಿನ ಟ್ಯಾಗ್’ ಎಂದರೆ ತಿಳಿಯುತ್ತದೆ. ಕಂಪನಿ ಬಿಡಿಭಾಗ ಮಾರುವ ಒಂದು ಕಡೆ ವಿಚಾರಿಸಿದಾಗ, ಅದು ಬಿಡಿಯಾಗಿ ಸಿಗುವುದಿಲ್ಲ, ಪೂರ್ತಿ ವಾಯರಿಂಗ್ ಸೆಟ್ ಕೊಳ್ಳಿ ಎಂದರು. ಗುಂಡಿ ಹರಿದದ್ದಕ್ಕೆ ಅಂಗಿಯನ್ನೇ ಹೊಲಿಸಿಕೊಳ್ಳಿ ಎಂದಂತಾಯಿತು.

ಆದದ್ದಾಗಲಿ ಎಂದು ನಾನು ತೂತಿನಿಂದಲೇ ಶುರು ಮಾಡಿದೆ. ತೂತು ಅಳೆಯಲು ವರ್ನಿಯರ್ ಬೇಕೆಂದಿಲ್ಲ. ಡ್ರಿಲ್ ಬಿಟ್‌ಗಳ ಹಿಂಬದಿಯನ್ನು ಒಂದೊಂದಾಗಿ ತೂರಿಸಿ ನೋಡಿ. ಯಾವುದು ಅಲ್ಲಾಡದೆ ಕೂಡುತ್ತದೋ ಅದೇ ಅಳತೆ. ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು 6.5 ಮಿ.ಮೀ. ಗುಂಡು ತೂತು. ಕೆಲವು ಕಡೆ ಮೊಟ್ಟೆಯಾಕಾರದ ಉದ್ದ ತೂತು ಇರುತ್ತದೆ. ಟೈ ತಿರುಗಬಾರದು, ವಾಯರು ಒಂದೇ ದಿಕ್ಕಿಗೆ ಹೋಗಬೇಕು ಎಂಬ ಕಡೆ ಹಾಗೆ ಕೊರೆದಿರುತ್ತಾರೆ. ತಗಡಿನ ದಪ್ಪವನ್ನೂ ನೋಡಿಕೊಳ್ಳಬೇಕು. ದಪ್ಪ ತಗಡಿನ ಕಾಲನ್ನು ತೆಳು ತಗಡಿಗೆ ಹಾಕಿದರೆ ಗಡಗಡ ಎನ್ನುತ್ತದೆ. ಖಾಲಿ ತೂತನ್ನು ಹಾಗೇ ಬಿಡುವುದಂತೂ ಕೂಡದು. ಮಳೆಗಾಲದಲ್ಲಿ ಅದರ ಅಂಚಿನಿಂದಲೇ ತುಕ್ಕು ಏಳುತ್ತದೆ.

ಇನ್ನು ಸಾಮಾನಿನ ಮಾತು. ಟೈ ನೈಲಾನ್ 66ರದ್ದಾಗಿರಬೇಕು. ಒಳ್ಳೆಯದರ ಮೇಲೆ ‘ಪಿಎ66’ ಎಂದು ಸಣ್ಣಗೆ ಅಚ್ಚಾಗಿರುತ್ತದೆ. ಈ ನೈಲಾನಿನ ಗುಟ್ಟು ನೀರಿನಲ್ಲಿದೆ. ಗಾಳಿಯ ತೇವ ಹೀರಿಕೊಂಡು, ತನ್ನ ತೂಕದ ನೂರಕ್ಕೆ ಎರಡೂವರೆಯಷ್ಟು ನೀರು ಒಳಗಿದ್ದಾಗ ಅದು ಚಿವುಟಿದರೂ ಬಾಗುತ್ತದೆ. ಒಣಗಿತೆಂದರೆ ಗಾಜು. ಅಂಗಡಿಯ ಬಾಗಿಲಲ್ಲಿ ಬಿಸಿಲಿಗೆ ತೂಗುಬಿಟ್ಟ ಕಟ್ಟು ಎಷ್ಟೇ ಸೋವಿಯಾದರೂ ಬೇಡ ಅನ್ನುವುದು ಅದಕ್ಕೇ. ಕೊಂಡ ಮೇಲೆ ಚೀಲದ ಬಾಯಿ ಮುಚ್ಚಿಡಿ. ಒಣಗಿದೆಯೆಂಬ ಅನುಮಾನವಿದ್ದರೆ ಬಿಸಿನೀರಿನಲ್ಲಿ ಕೆಲವು ಗಂಟೆ ನೆನೆಹಾಕಿ. ನಾನು ಚಹಾ ಪಾತ್ರೆಯಲ್ಲಿ ಈ ಪ್ರಯೋಗ ಮಾಡಿ ಮನೆಯಲ್ಲಿ ಬೈಸಿಕೊಂಡಿದ್ದೇನೆ, ಟೈ ಮಾತ್ರ ಮೆತ್ತಗಾದವು.

ಸಾಮಾನ್ಯ ಟೈ ತಡೆಯುವ ಶಾಖ 85 ಡಿಗ್ರಿ. ಇಂಜಿನ್ನಿನ ಕೂಲಂಟ್ ನೀರೇ 90ರ ಆಸುಪಾಸಿನಲ್ಲಿ ಓಡಾಡುತ್ತಿರುತ್ತದೆ. ಬಾನೆಟ್ಟಿನ ಕೆಳಗೆ ಶಾಖ ತಡೆಯಲೆಂದೇ ಮಾಡಿದ, 105 ಡಿಗ್ರಿಗೂ ಮೇಲಿನ ಜಾತಿ ಬೇಕು. ಕಪ್ಪಗಿದ್ದರೆ ಸಾಕು ಎಂದು ಅನೇಕರ ನಂಬಿಕೆ. ಕಪ್ಪು ಬಣ್ಣದ ಕಾಡಿಗೆ ಬಿಸಿಲು ತಡೆಯುತ್ತದೆ, ಶಾಖ ತಡೆಯುವುದಿಲ್ಲ. ಬಿಸಿಲಿನ ಟೈ ಬೇರೆ, ಬೆಂಕಿಯ ಟೈ ಬೇರೆ. ಹೊಗೆ ನಳಿಗೆಯ ಪಕ್ಕದಲ್ಲಿ ಎರಡೂ ಬೇಡ, ರಬ್ಬರು ಸುತ್ತಿದ ಲೋಹದ ಕ್ಲಿಪ್ಪೇ ಸರಿ.

ಬಲ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಅಗಲ ಪಟ್ಟಿ ಕೊಳ್ಳುವವರಿದ್ದಾರೆ. 3.6 ಮಿ.ಮೀ. ಅಗಲದ ಪಟ್ಟಿ 18 ಕಿಲೋ, 4.8ರದ್ದು 22 ಕಿಲೋ ಜಗ್ಗಿದರೂ ಹರಿಯದು. ಹೆಡ್‌ಲೈಟಿನ ವಾಯರು ಎತ್ತುಗಳಲ್ಲವಲ್ಲ! ಮುಪ್ಪಿನ ಕಾರಿಗೆ ಅಪಾಯ ಬರುವುದು ಬಿಗಿಯಿಂದ. ಗಟ್ಟಿಯಾದ ಹಳೆಯ ಪಿವಿಸಿ ಹೊದಿಕೆಯೊಳಗೆ ಟೈ ಕೊಯ್ದು ಇಳಿಯುತ್ತದೆ. ಮೊದಲು ಬಟ್ಟೆಯ ಟೇಪ್ ಸುತ್ತಿ, ಅದರ ಮೇಲೆ ಟೈ ಹಾಕಿ, ಬೆರಳಿನಿಂದ ನೂಕಿದರೆ ಸ್ವಲ್ಪ ಸರಿಯುವಷ್ಟು ಸಡಿಲ ಬಿಡಬೇಕು. ಹೊಳೆಯುವ ಕರೆಂಟ್ ಟೇಪ್ ಏಪ್ರಿಲ್ ಬಂದರೆ ಅಂಟು ಬಿಟ್ಟು ಬೆಲ್ಲದ ಪಾಕವಾಗುತ್ತದೆ. ಟೆಸಾ ಕಂಪನಿಯ ಟೇಪುಗಳಲ್ಲಿ 51036 ಇಂಜಿನ್ ಬದಿಗೆ, 51608 ಡ್ಯಾಶ್‌ಬೋರ್ಡಿನ ಒಳಗೆ. ಈ ಎರಡು ನಂಬರು ನೆನಪಿಟ್ಟರೆ ಸಾಕು.

ಈ ಕೇಬಲ್ ಟೈ ಹುಟ್ಟಿದ್ದು ವಿಮಾನಕ್ಕಾಗಿ. ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ 1956ರಲ್ಲಿ ಬೋಯಿಂಗ್ ಕಾರ್ಖಾನೆಗೆ ಹೋದಾಗ, ಸಾವಿರಾರು ಅಡಿ ವಾಯರನ್ನು ಕೆಲಸಗಾರರು ಮೇಣ ಹಚ್ಚಿದ ದಾರದಿಂದ ಗಂಟು ಹಾಕಿ ಕಟ್ಟುತ್ತಿದ್ದುದನ್ನು ಕಂಡರು. ಬಿಗಿದು ಬಿಗಿದು ಅವರ ಬೆರಳು ಕೊಯ್ದು ಹೋಗಿದ್ದವು. 1958ರಲ್ಲಿ ಲೋಗನ್ ತಮ್ಮ ಪಟ್ಟಿಗೆ ಪೇಟೆಂಟ್ ಕೇಳಿದರು. ಮೊದಲಿನ ಟೈಗಳ ತಲೆಯೊಳಗೆ ಉಕ್ಕಿನ ಹಲ್ಲಿತ್ತು, ಪ್ಲಾಸ್ಟಿಕ್ ಹಲ್ಲು ಬಂದದ್ದು ನಂತರ.

ಆ ಹೊತ್ತಿಗೆ ಉತ್ತರಪಾರಾದ ಕಾರ್ಖಾನೆಯಿಂದ ಅಂಬಾಸಡರ್ ಕಾರು ಹೊರಬೀಳುತ್ತಿತ್ತು. ಹಾಗಾಗಿ ಅದರ ಮೂಲ ವಾಯರಿಂಗಿನಲ್ಲಿ ಈ ಪಟ್ಟಿಗೆ ಜಾಗವೇ ಇರಲಿಲ್ಲ. ಹತ್ತಿಯ ಹೆಣಿಗೆಯ ಹೊದಿಕೆ, ಅದನ್ನು ಹಿಡಿಯಲು ಮಡಚುವ ತಗಡಿನ ನಾಲಿಗೆ, ಅಷ್ಟೇ. ಹಳೆಯ ಅಂಬಾಸಡರ್ ಇಟ್ಟುಕೊಂಡು ಅದಕ್ಕೆ ಬಿಳಿ ಟೈ ಬಿಗಿಯುವವರ ಮೇಲೆ ನನಗೆ ಸಿಟ್ಟಿದೆ. ಆ ಮೊದಲ ಮಾದರಿಗಳಲ್ಲಿ ಇದ್ದದ್ದು ಎರಡೇ ಫ್ಯೂಸು, ಬ್ಯಾಟರಿಯಿಂದ ಬರುವ ಕಂದು ವಾಯರಿಗೆ ಅದೂ ಇಲ್ಲ. ಟೈ ಕೊಯ್ದು ಆ ವಾಯರು ಬಾಡಿಗೆ ತಾಗಿದರೆ ತಡೆಯುವವರಾರು? ಅಂಥ ಕಾರಿಗೆ ದಾರವೇ ಸೈ. ನೂರು ವರ್ಷಕ್ಕೂ ಹಿಂದಿನಿಂದ ನೂಲಿನ ಗಿರಣಿಯಿರುವ ಗೋಕಾಕ ಫಾಲ್ಸ್ ಪಕ್ಕದಲ್ಲೇ ಇರುವಾಗ ದಾರಕ್ಕೆ ನಾವು ಅಂಜಬೇಕೆ? ಗಟ್ಟಿ ಹುರಿಗೆ ಜೇನುಮೇಣ ತಿಕ್ಕಿ, ದನವನ್ನು ಗೂಟಕ್ಕೆ ಕಟ್ಟುವ ಗಂಟಿನಂಥದ್ದೇ ಒಂದನ್ನು ಹಾಕಿ, ಮೇಲೊಂದು ಜೋಡುಗಂಟು ಬಿಗಿದರೆ ಮುಗಿಯಿತು. ಮಂಗಳನ ಮೇಲೆ ಓಡಾಡುವ ಕ್ಯೂರಿಯಾಸಿಟಿ ಬಂಡಿಯ ವಾಯರುಗಳನ್ನೂ ಹೀಗೆಯೇ ಕೈಯಿಂದ ಗಂಟು ಹಾಕಿ ಕಟ್ಟಿದ್ದಾರೆ.

ಇಲಿಯ ಬಗ್ಗೆ ಒಂದು ಮಾತು. ಕಬ್ಬು ಕಡಿದ ಮೇಲೆ ಹೊಲದ ಇಲಿಗಳು ಮನೆ ಹುಡುಕಿಕೊಂಡು ಹೊರಟು, ಬೆಚ್ಚಗಿನ ಇಂಜಿನ್ನಿನಡಿ ಸಂಸಾರ ಹೂಡುತ್ತವೆ. ಅವಕ್ಕೆ ದಾರವೂ ಒಂದೇ, ನೈಲಾನೂ ಒಂದೇ. ಆ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು ಬಿಟ್ಟು ಬೇರೆ ಮದ್ದು ನನಗೆ ಸಿಕ್ಕಿಲ್ಲ.

ಕಾಲಿನ ಟೈಗಳು ಕಡೆಗೆ ಸಿಕ್ಕವು. ನಮ್ಮೂರ ಕೃಷಿ ವಿಜ್ಞಾನ ಕೇಂದ್ರಕ್ಕೆ ರೈತರು ಮಣ್ಣಿನ ಮಾದರಿ ಚೀಲ ಹಿಡಿದು ಬರುವ ಹಾಗೆ ನಾನು ಮುರಿದ ಕಾಲು, ತೂತಿನ ಅಳತೆಯ ಚೀಟಿ ಚೀಲದಲ್ಲಿಟ್ಟುಕೊಂಡು ಗೋಕಾಕ, ಸಂಕೇಶ್ವರ, ಬೆಳಗಾವಿ ಸುತ್ತಿದೆ. ಆರು ಅಂಗಡಿ ಇಲ್ಲವೆಂದವು. ಏಳನೆಯ ಅಂಗಡಿಯವರು ಹೊಸ ಕಾರುಗಳ ಬಂಪರ್ ಕ್ಲಿಪ್ಪಿನ ಡಬ್ಬಿ ತೆಗೆದು ಮೇಜಿನ ಮೇಲೆ ಸುರುವಿದರು, ಅದರಲ್ಲಿ 6.5ರ ಕಾಲಿನವು ಹನ್ನೊಂದು ಇದ್ದವು. ಮಾದರಿ ಕೈಯಲ್ಲಿ ಇಲ್ಲದಿದ್ದರೆ ಅವರೂ ಬಿಳಿ ಕಟ್ಟನ್ನೇ ಕೊಟ್ಟು ಕಳಿಸುತ್ತಿದ್ದರು.

ಇನ್ನೂ ಮೂರು ತೂತು ಖಾಲಿ ಇವೆ. ಮೂರೂ ಡ್ಯಾಶ್‌ಬೋರ್ಡಿನ ಹಿಂದಿನ ಮೊಟ್ಟೆಯಾಕಾರದವು. ಆ ಕಾಲಿನ ಒಂದು ಚೂರೂ ನನ್ನ ಬಳಿ ಉಳಿದಿಲ್ಲ. ಹಳೆಯ ಮಾರುತಿ 800 ಗುಜರಿಗೆ ಹಾಕುವವರು ಯಾರಾದರೂ ಓದುತ್ತಿದ್ದರೆ, ವಾಯರಿಗೆ ಕತ್ತರಿ ಹಾಕುವ ಮೊದಲು ಪತ್ರಿಕೆಗೆ ಒಂದು ಸಾಲು ಬರೆಯಿರಿ. ಇಕ್ಕಳ ಹಿಡಿದು ನಾನೇ ಬರುತ್ತೇನೆ.