ಸ್ಥಳನಾಮ ಸಂಗ್ರಹದಲ್ಲಿ ಗಿಟ್ ತಂತ್ರಾಂಶ: ಒಂದು ವಿಮರ್ಶೆ

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಪಾಠಾಂತರವೆಂಬುದು ಹೊಸ ಮಾತಲ್ಲ. ಯಾವ ಪಾಠವನ್ನು ಯಾರು, ಏಕೆ ತಿದ್ದಿದರೆಂಬುದನ್ನು ಅಡಿಟಿಪ್ಪಣಿಯಲ್ಲಿ ಕಾಪಾಡುವ ಶ್ರಮವನ್ನು ನಮ್ಮ ಹಿರಿಯ ಸಂಪಾದಕರು ಕೈಯಿಂದಲೇ ನಡೆಸಿದರು. ಈ ಶ್ರಮವನ್ನು ಯಂತ್ರಕ್ಕೆ ಒಪ್ಪಿಸುವ ತಂತ್ರಾಂಶಗಳಲ್ಲಿ, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ಕೆಲಸಕ್ಕಾಗಿ ರಚಿಸಿದ ಗಿಟ್ ಇಂದು ಬಹುಪ್ರಚಾರದಲ್ಲಿದೆ. ಅದು ಕನ್ನಡ ಸ್ಥಳನಾಮಗಳ ಸಂಗ್ರಹಕ್ಕೆ ಎಷ್ಟರಮಟ್ಟಿಗೆ ಒದಗೀತೆಂಬುದೇ ಪ್ರಕೃತ ವಿಚಾರ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕೆಲವು ಊರುಗಳಿಗೆ ಒಂದೊಂದು ಕಡತವನ್ನು ಮಾಡಿ, ಅವನ್ನು ಒಂದು ಉಚಿತ ಕ್ಲೌಡ್ ಸೇವೆಯಲ್ಲಿಟ್ಟು ನಾವು ಪರೀಕ್ಷಿಸಿದೆವು.

ಇಂಥ ಸೇವೆಗಳಲ್ಲಿ ನಿರ್ಬಂಧಗಳು ಹಲವು. ಎಸ್‌ಎಸ್‌ಎಚ್ ಸಂಪರ್ಕಕ್ಕೆ ರೂಢಿಯಾದ 22ನೆಯ ಪೋರ್ಟ್ ಹೊರಮುಖವಾಗಿ ಮುಚ್ಚಿರುತ್ತದೆ. 443ರ ಮೂಲಕ ಎಚ್‌ಟಿಟಿಪಿಎಸ್ ಮಾರ್ಗವನ್ನೇ ಹಿಡಿಯಬೇಕು. ಗಿಟ್‌ಹಬ್ 2021ರ ಆಗಸ್ಟ್‌ನಿಂದ ಈ ಮಾರ್ಗದಲ್ಲಿ ಗುಪ್ತಪದವನ್ನು ಒಪ್ಪುವುದಿಲ್ಲವಾದುದರಿಂದ ಅಲ್ಲಿಗೆ ಟೋಕನ್ ಬೇಕಾಗುತ್ತದೆ. ಲಕ್ಷ್ಮಣತೀರ್ಥದ ಕಟ್ಟೆಮಳಲವಾಡಿ ಅಣೆಕಟ್ಟಿನ ಕೆಳಗೆ ಬೇಸಾಯ ಮಾಡುವವನಿಗೆ ತೂಬಿನ ಕೀಲಿ ತನ್ನ ಕೈಯಲ್ಲಿಲ್ಲವೆಂಬುದು ಗೊತ್ತು, ಇಲ್ಲಿಯೂ ಹಾಗೆಯೇ. ಯಂತ್ರಕ್ಕೆಲ್ಲ ಅನ್ವಯಿಸುವ ಸೆಟ್ಟಿಂಗನ್ನು ಬದಲಿಸುವ ಅಧಿಕಾರ ನಮಗಿಲ್ಲದ್ದರಿಂದ, ನಮ್ಮ ಖಾತೆಗೂ ಆಯಾ ಸಂಗ್ರಹಕ್ಕೂ ಸೇರಿದ ಸೆಟ್ಟಿಂಗುಗಳಲ್ಲಿಯೇ ಕಾರ್ಯವನ್ನು ಸಾಧಿಸಬೇಕು. ಇದಿಷ್ಟು ತಾಳ್ಮೆಯ ವಿಷಯ. ನಿಜವಾದ ತೊಡಕು ಅಕ್ಷರದಲ್ಲಿದೆ.

ಕಟ್ಟೆಮಳಲವಾಡಿ ಎಂಬುದು ನಮಗೆ 7 ಅಕ್ಷರಗಳ ಹೆಸರು. ಯೂನಿಕೋಡಿನಲ್ಲಿ ಅದು 12 ಸಂಕೇತಗಳು, ಯುಟಿಎಫ್-8 ಬರವಣಿಗೆಯಲ್ಲಿ 36 ಬೈಟುಗಳು. ಈ ಹೆಸರಿನ ಕಡತವನ್ನು ಸೇರಿಸಿದರೆ ಗಿಟ್ ತನ್ನ ವರದಿಯಲ್ಲಿ ಊರಿನ ಹೆಸರನ್ನು ತೋರಿಸದೆ, ಓರೆಗೆರೆಗಳ ನಡುವೆ ಮೂರು ಮೂರು ಅಂಕಿಗಳ 36 ಗುಂಪುಗಳನ್ನು ಸಾಲಾಗಿ ಮುದ್ರಿಸುತ್ತದೆ. ಕೋಟ್‌ಪಾಥ್ ಎಂಬ ಸೆಟ್ಟಿಂಗನ್ನು ನಿಲ್ಲಿಸಿದರೆ ಕನ್ನಡ ಮತ್ತೆ ಕಾಣಿಸಿಕೊಳ್ಳುತ್ತದೆ. ಬಳಕೆದಾರರೆಲ್ಲರೂ ಕೊಡುವ ಸಲಹೆ ಇದೇ. ಮೊದಲು ನಾವೂ ಅದನ್ನೇ ಪಾಲಿಸಿದೆವು.

ಆದರೆ ಹೆಗ್ಗಡದೇವನಕೋಟೆಯ ಕಡತದಲ್ಲಿ ನಮ್ಮ ನೆಮ್ಮದಿ ಕದಡಿತು. ಈ ಹೆಸರಿನ ‘ದೇ’, ‘ಕೋ’ಗಳಲ್ಲಿರುವ ಸ್ವರಚಿಹ್ನೆಗಳನ್ನು ಯೂನಿಕೋಡಿನಲ್ಲಿ ಇಡಿಯಾಗಿಯೂ ಬರೆಯಬಹುದು, ಬಿಡಿ ಭಾಗಗಳಾಗಿಯೂ ಬರೆಯಬಹುದು. ಮೊದಲನೆಯ ಕ್ರಮದಲ್ಲಿ ಹೆಸರು 42 ಬೈಟು, ಎರಡನೆಯದರಲ್ಲಿ 51. ಹಳೆಯ ಮ್ಯಾಕ್ ಯಂತ್ರಗಳ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಅಂಥಲ್ಲಿಂದ ಬಂದ ಕಡತವೊಂದು ನಮ್ಮ ಸಂಗ್ರಹಕ್ಕೆ ಸೇರಿದಾಗ ಹೆಗ್ಗಡದೇವನಕೋಟೆಗಳು ಎರಡಾದವು. ಗಿಟ್ ಬೈಟುಗಳನ್ನು ಹೋಲಿಸುತ್ತದೆಯೇ ಹೊರತು ಅಕ್ಷರಗಳನ್ನಲ್ಲ. ಅದರ ದೃಷ್ಟಿಯಲ್ಲಿ ಇವು ಬೇರೆ ಬೇರೆ ಹೆಸರುಗಳು. ಪರದೆಯ ಮೇಲಾದರೋ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ವಿಚಿತ್ರವೆಂದರೆ, ನಾವು ಕುರೂಪವೆಂದು ತೆಗೆದುಹಾಕಿದ ಆ ಅಂಕಿಗಳ ಸಾಲೇ ಇಲ್ಲಿ ಭೇದವನ್ನು ಬಯಲಿಗೆಳೆಯಬಲ್ಲ ಸಾಕ್ಷಿಯಾಗಿದ್ದಿತು. ಓದಲು ಸುಲಭವಾಗಲೆಂದು ಮಾಡಿದ ಸೆಟ್ಟಿಂಗು ಸಂಪಾದಕನ ಕಣ್ಣಿಗೆ ಬಟ್ಟೆ ಕಟ್ಟಿತು! ಸಂಶೋಧಕರು ಎರಡು ಬಗೆಯ ವರದಿಯನ್ನೂ ನೋಡುವುದು ಒಳ್ಳೆಯದು.

ಮ್ಯಾಕ್ ಯಂತ್ರಗಳಿಗಾಗಿ ಗಿಟ್‌ನಲ್ಲಿ ಈ ದೋಷಕ್ಕೆ ಪರಿಹಾರವೊಂದು ಉಂಟು. ಆದರೆ ಅದು ಕಡತದ ಹೆಸರನ್ನು ಮಾತ್ರ ಸರಿಪಡಿಸುತ್ತದೆ, ಒಳಗಿನ ಪಠ್ಯವನ್ನು ಮುಟ್ಟುವುದಿಲ್ಲ. ಇದಲ್ಲದೆ ಒಬ್ಬರು ಮಾಡಿಕೊಂಡ ಸೆಟ್ಟಿಂಗು, ಸಂಗ್ರಹವನ್ನು ನಕಲು ಮಾಡಿಕೊಂಡ ಇನ್ನೊಬ್ಬರಿಗೆ ಹೋಗುವುದಿಲ್ಲ. ಒಂದೇ ವಿಭಾಗದ ಇಬ್ಬರು ವಿದ್ಯಾರ್ಥಿಗಳು ಒಂದೇ ಪಠ್ಯದ ಮೇಲೆ ಕೆಲಸ ಮಾಡಿ, ಯಾರೂ ತಿದ್ದದ ಸಾಲನ್ನು ತಿದ್ದಲಾಗಿದೆಯೆಂದು ವರದಿ ಪಡೆಯುವ ಸಂಭವ ಇದರಿಂದಲೇ ಹುಟ್ಟುತ್ತದೆ. ಅದನ್ನು ಪಾಠಾಂತರವೆಂದು ಭ್ರಮಿಸಿ ಪ್ರಬಂಧದಲ್ಲಿ ದಾಖಲಿಸಿದರೆ ಆಗುವ ಹಾನಿಯನ್ನು ಅಧ್ಯಾಪಕರು ಊಹಿಸಬಲ್ಲರು. ಲಿಪಿಯ ಒಪ್ಪಂದವನ್ನು ಸಂಗ್ರಹದೊಳಗಿನ ಒಂದು ಕಡತದಲ್ಲಿಯೇ ಬರೆದಿಟ್ಟು, ಪಠ್ಯವನ್ನು ಸೇರಿಸುವ ಮೊದಲು ಒಂದೇ ಕ್ರಮಕ್ಕೆ ತರುವುದು ಉಚಿತ.

ಇನ್ನೊಂದು ಆಕ್ಷೇಪವುಂಟು. ಕಡತದ ಹೆಸರು ಬದಲಾದುದನ್ನು ಗಿಟ್ ದಾಖಲಿಸುವುದಿಲ್ಲ. ಅಳಿಸಿದ ಮತ್ತು ಹೊಸದಾಗಿ ಸೇರಿಸಿದ ಕಡತಗಳ ಪಠ್ಯ ಅರ್ಧದಷ್ಟಾದರೂ ಹೋಲಿದರೆ ‘ಹೆಸರು ಬದಲಾಗಿದೆ’ ಎಂದು ಊಹಿಸುತ್ತದೆ. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 4ನೆಯ ಸಂಪುಟದಲ್ಲಿರುವುದು ಎಡತೊರೆ ತಾಲ್ಲೂಕು. ಅದರ ಕಡತವನ್ನು ತೆಗೆದು, ಬಹುಪಾಲು ಅದೇ ಪಠ್ಯದೊಡನೆ ಕೃಷ್ಣರಾಜನಗರದ ಕಡತವನ್ನಿಟ್ಟಾಗ ಗಿಟ್ ಇದನ್ನು ನಾಮಾಂತರವೆಂದೇ ತಿಳಿಸಿತು. ವಾಸ್ತವವಾಗಿ ಕೃಷ್ಣರಾಜನಗರವು ಎಡತೊರೆಯ ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಪಟ್ಟಣ. ಎಡತೊರೆ ಕಾವೇರಿಯ ದಡದಲ್ಲಿ ಇಂದಿಗೂ ಇದೆ. ಆದುದರಿಂದ ನಾವು ಎರಡು ಕಡತಗಳನ್ನೂ ಉಳಿಸಿಕೊಂಡು, ಅವುಗಳ ಸಂಬಂಧವನ್ನು ಕೈಯಿಂದಲೇ ಟಿಪ್ಪಣಿ ಬರೆದು ಸೇರಿಸಿದ್ದೇವೆ.