ಬುಡದ ಗಣಿಕೆಯ ಸಿಹಿ

ಕಬ್ಬಿಗೆ ಗೊಬ್ಬರ ಎಷ್ಟೇ ಸುರಿದರೂ ಸಿಹಿಯ ಮೂಲದ್ರವ್ಯ ಸಿಗುವುದು ಗಾಳಿಯಿಂದ. ಅಲ್ಲಿಯೂ ಕಾರ್ಬನ್ ಡೈಆಕ್ಸೈಡ್ ಇರುವುದು ಹತ್ತು ಸಾವಿರ ಪಾಲಿನಲ್ಲಿ ನಾಲ್ಕಕ್ಕಿಂತ ತುಸು ಹೆಚ್ಚು, ಅಷ್ಟೆ.

ಬಿಸಿಲು ನೇರವಾಗಿ ಸಕ್ಕರೆ ಮಾಡುವುದಿಲ್ಲ. ಪತ್ರಹರಿತ್ತು ಹೀರಿದ ಬೆಳಕು ನೀರನ್ನು ಒಡೆಯುತ್ತದೆ, ಆಮ್ಲಜನಕ ಹೊರಬೀಳುತ್ತದೆ, ಬೆಳಕಿನ ಶಕ್ತಿ ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಅಣುಗಳಲ್ಲಿ ಸೇರುತ್ತದೆ. ಸಕ್ಕರೆಯ ಕೆಲಸ ಆಮೇಲಿನದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್, ಜೇಮ್ಸ್ ಬಾಶಮ್ ಅವರು ಪಾಚಿಗೆ ವಿಕಿರಣಶೀಲ ಇಂಗಾಲ ಉಣಿಸಿ ಅದರ ಜಾಡು ಹಿಡಿದರು. 1961ರ ನೊಬೆಲ್ ಬಂದದ್ದು ಕ್ಯಾಲ್ವಿನ್ ಒಬ್ಬರಿಗೇ.

ರುಬಿಸ್ಕೊ ಎಂಬ ಕಿಣ್ವ ಐದು ಇಂಗಾಲದ ಅಣುವಿಗೆ ಕಾರ್ಬನ್ ಡೈಆಕ್ಸೈಡನ್ನು ಜೋಡಿಸುತ್ತದೆ. ಅದು ಕೂಡಲೇ ಮೂರು ಇಂಗಾಲದ ಎರಡು ತುಂಡಾಗುತ್ತದೆ. ಬೆಳಕು ಕೂಡಿಟ್ಟ ಶಕ್ತಿ ಈ ತುಂಡುಗಳನ್ನು ಸಕ್ಕರೆಯ ರೂಪಕ್ಕೆ ತರುತ್ತದೆ. ಮೂರು ಅಣು ಅನಿಲ ಒಳಬಂದರೆ ಆರು ತುಂಡು. ಐದು ಮತ್ತೆ ಮೊದಲಿನ ಅಣುವನ್ನು ಕಟ್ಟುವುದಕ್ಕೇ ಹೋಗುತ್ತವೆ, ಉಳಿತಾಯ ಒಂದೇ. ಜಿಪುಣ ವ್ಯಾಪಾರ! ಕಬ್ಬಿನ ಸಕ್ಕರೆಯಾದ ಸುಕ್ರೋಸಿನ ಒಂದು ಅಣುವಿಗೆ ಇಂಥ ನಾಲ್ಕು ಉಳಿತಾಯ ಬೇಕು.

ರುಬಿಸ್ಕೊಗೆ ದೋಷಗಳೂ ಇವೆ. ಕೆಲಸ ನಿಧಾನ, ಜೊತೆಗೆ ಆಮ್ಲಜನಕವನ್ನೂ ಹಿಡಿದುಬಿಡುತ್ತದೆ. ಬಿಸಿ ಏರಿದಷ್ಟೂ ಈ ತಪ್ಪು ಹೆಚ್ಚು. ಭತ್ತ, ಗೋಧಿ ಈ ನಷ್ಟವನ್ನು ಸಹಿಸಿಕೊಂಡೇ ಬದುಕುತ್ತವೆ. ಕಬ್ಬು ಜಾಣ. ಎಲೆಯ ಹೊರಸುತ್ತಿನ ಕೋಶಗಳಲ್ಲಿ ಬೇರೊಂದು ಕಿಣ್ವ ಅನಿಲವನ್ನು ಹಿಡಿದು ನಾಲ್ಕು ಇಂಗಾಲದ ಆಮ್ಲ ಮಾಡುತ್ತದೆ. ಅದು ನಾಳಗಳನ್ನು ಸುತ್ತುವರಿದ ಒಳಕೋಶಗಳಿಗೆ ಹೋಗಿ ಅಲ್ಲಿ ಅನಿಲವನ್ನು ಬಿಟ್ಟುಕೊಡುತ್ತದೆ. ರುಬಿಸ್ಕೊ ಇರುವುದು ಅಲ್ಲೇ. ಅನಿಲ ದಟ್ಟವಾಗಿರುವುದರಿಂದ ತಪ್ಪಿಗೆ ಎಡೆ ಕಡಿಮೆ. ಹವಾಯಿಯ ಕಬ್ಬಿನ ಪ್ರಯೋಗಾಲಯದಲ್ಲಿ ಹ್ಯೂಗೊ ಕೋರ್ಟ್‌ಶಾಕ್ ಇದರ ಸುಳಿವು ಕಂಡರು. ಆಸ್ಟ್ರೇಲಿಯಾದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಲ್ಲಿ ದಾರಿಯನ್ನು ವಿವರಿಸಿದರು. ರಾಗಿ, ಜೋಳ, ಮೆಕ್ಕೆಜೋಳವೂ ಇದೇ ದಾರಿಯವು. ಸುಡುಬಿಸಿಲಿನ ಹೊಲದಲ್ಲಿ ಅವು ಗೆಲ್ಲುವುದಕ್ಕೆ ಇದೂ ಒಂದು ಕಾರಣ.

ಎಲೆಯಲ್ಲಿ ತಯಾರಾದ ಸುಕ್ರೋಸು ನಾಳಗಳ ಮೂಲಕ ಜಲ್ಲೆಗಿಳಿಯುತ್ತದೆ. ಬೆಳೆಯುತ್ತಿರುವ ತುದಿ ಬಂದದ್ದನ್ನು ಖರ್ಚು ಮಾಡುತ್ತದೆ; ಬೆಳವಣಿಗೆ ಮುಗಿಸಿದ ಬುಡ ಕೂಡಿಡುತ್ತದೆ. ಸಂಕ್ರಾಂತಿಯ ಜಲ್ಲೆಯಲ್ಲಿ ಬುಡದ ಗಣಿಕೆಗೆ ಜಗಳ ನಡೆಯುವುದು ನ್ಯಾಯವೇ. ಕಡಿದ ಮೇಲೆ ಮಾತ್ರ ತಡಮಾಡಬಾರದು: ಸುಕ್ರೋಸು ಒಡೆದು ಗ್ಲೂಕೋಸು, ಫ್ರಕ್ಟೋಸು ಆಗತೊಡಗುತ್ತದೆ, ಅಂಥ ಕಬ್ಬಿನ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.