ಗೇರ್‌ಬಾಕ್ಸಿಗೆ ಟಿಕ್ ಗುರುತು ಸಾಲದು

ಮಳೆಗಾಲ ಹತ್ತಿರವಾದಂತೆ ಉಚಿತ ವಾಹನ ತಪಾಸಣೆಯ ಜಾಹೀರಾತುಗಳು ಶುರುವಾಗುತ್ತವೆ. ಗಾಡಿ ಒಳಗೆ ಹೋಗಿ ಸ್ವಲ್ಪ ಹೊತ್ತಿನಲ್ಲೇ ಹೊರಬರುತ್ತದೆ, ಕೈಗೊಂದು ಉದ್ದನೆಯ ಪಟ್ಟಿ ಸಿಗುತ್ತದೆ. ಟೈರು, ವೈಪರ್, ಹಾರ್ನ್, ಬ್ಯಾಟರಿಗಳ ಮಟ್ಟಿಗೆ ಆ ಪಟ್ಟಿಯನ್ನು ನಂಬಲು ಅಡ್ಡಿಯಿಲ್ಲ. ಅವು ಕಣ್ಣಿಗೆ ಕಾಣುವ, ನಿಂತಲ್ಲೇ ಪರೀಕ್ಷಿಸಬಹುದಾದ ವಸ್ತುಗಳು. ಹಳೆಯ ಓಮ್ನಿ ಅಥವಾ ಇಕೋ ವ್ಯಾನಿನ ಗೇರ್‌ಬಾಕ್ಸ್ ಮುಂದೆ ಬಿದ್ದ ಟಿಕ್ ಗುರುತಿಗೆ ಮಾತ್ರ ಕವಡೆ ಕಿಮ್ಮತ್ತಿಲ್ಲ. ಎಂಜಿನ್ ಆಯಿಲ್ ನೋಡಲು ಇರುವಂಥ ಅಳತೆ ಕಡ್ಡಿ ಈ ಗೇರ್‌ಬಾಕ್ಸಿಗೆ ಇಲ್ಲ. ಗಾಡಿಯನ್ನು ಮಟ್ಟಸವಾಗಿ ಮೇಲೆತ್ತಿ, ಪಕ್ಕದ ಬೋಲ್ಟ್ ಬಿಚ್ಚಿ, ಎಣ್ಣೆ ತೂತಿನ ಅಂಚಿನವರೆಗೆ ಇದೆಯೇ ಎಂದು ನೋಡಬೇಕು. ಸದ್ದು ತಿಳಿಯಬೇಕಾದರೆ ರಸ್ತೆಯಲ್ಲಿ ಓಡಿಸಬೇಕು. ಬಿಚ್ಚದೆ, ಅಳೆಯದೆ, ಓಡಿಸದೆ ಬರೆದದ್ದು ಅಂದಾಜು ಮಾತ್ರ.

ಈ ಮಾತು ಮುಂಬಯಿ ಸುತ್ತಲಿನ ನಮ್ಮ ಭಾಗಕ್ಕೆ ಹೆಚ್ಚು ಅನ್ವಯಿಸಲು ಕಾರಣವಿದೆ. 1984ರಲ್ಲಿ ಬಂದ ಮಾರುತಿ ವ್ಯಾನ್, ಓಮ್ನಿ ಎಂಬ ಹೆಸರಿನಲ್ಲಿ 2019ರವರೆಗೂ ತಯಾರಾಯಿತು. ಇಕೋ ಬಂದದ್ದು 2010ರಲ್ಲಿ. ವಾಶಿಯ ಎಪಿಎಂಸಿಯಿಂದ ತರಕಾರಿ ತರುವ ಹೋಟೆಲಿನವರು, ಡೊಂಬಿವಿಲಿ-ಕಲ್ಯಾಣದ ಕೇಟರಿಂಗ್‌ನವರು ಇಂಥ ವ್ಯಾನುಗಳನ್ನು ಇಂದಿಗೂ ದುಡಿಸುತ್ತಾರೆ. ಕಲ್ಯಾಣ-ಶಿಳ್ ರಸ್ತೆಯಲ್ಲಾಗಲಿ, ಭಿವಂಡಿಯ ಗೋದಾಮುಗಳಿಗೂ ಜವಾಹರಲಾಲ್ ನೆಹರೂ ಬಂದರಿಗೂ ನಡುವೆ ಟ್ರೇಲರುಗಳು ಸಾಲುಗಟ್ಟುವ ಮುಂಬ್ರಾ ಬೈಪಾಸಿನಲ್ಲಾಗಲಿ ಭಾರ ಹೊತ್ತ ವ್ಯಾನು ಅರ್ಧ ಕ್ಲಚ್ಚಿನಲ್ಲೇ ತೆವಳುತ್ತದೆ. ಮಳೆಗಾಲದ ಹೊಡೆತ ಬೇರೆ ಬಗೆಯದು. ಓಡಿ ಬಿಸಿಯಾದ ಡಿಫರೆನ್ಷಿಯಲ್ ನಿಂತ ನೀರಿಗಿಳಿದಾಗ ಥಟ್ಟನೆ ತಣಿಯುತ್ತದೆ. ಒಳಗಿನ ಗಾಳಿ ಕುಗ್ಗಿ, ಉಸಿರುಗೊಳವೆ ಇಲ್ಲವೇ ಸವೆದ ಆಯಿಲ್ ಸೀಲಿನ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿ, ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಹೊರಗಿನಿಂದ ನೋಡಿದರೆ ಇದು ಯಾವ ತಪಾಸಕನಿಗೂ ಕಾಣುವುದಿಲ್ಲ.

ಪಟ್ಟಿಯ ತಪ್ಪು ಎರಡೂ ಕಡೆ ವಾಲುತ್ತದೆ. ಕೆಟ್ಟದ್ದು ಸರಿಯಿದೆ ಎನಿಸಿಕೊಳ್ಳುತ್ತದೆ. ಸಣ್ಣ ದೋಷಕ್ಕೆ ‘ಬಾಕ್ಸ್ ಇಳಿಸಬೇಕು’ ಎಂಬ ಭಾರಿ ಅಂದಾಜು ಪಟ್ಟಿಯೂ ಬರುತ್ತದೆ. ಈ ವ್ಯಾನುಗಳಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ, ಎಳೆತ ಹಿಂದಿನ ಚಕ್ರಗಳಿಗೆ. ನಡುವೆ ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್. ಸದ್ದು ಯಾವುದರದ್ದಾದರೂ ದೂರು ಮಾತ್ರ ಗೇರ್‌ಬಾಕ್ಸಿನ ಮೇಲೆ. ಆದರೆ ಲಕ್ಷಣಗಳು ಬೇರೆ ಬೇರೆ. ನ್ಯೂಟ್ರಲ್‌ನಲ್ಲಿ ಕೇಳುವ ಗುರುಗುರು ಸದ್ದು ಕ್ಲಚ್ ಪೆಡಲ್ ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗನ್ನು ಶಂಕಿಸಬೇಕು. ಒತ್ತಿದಾಗಲೇ ಹುಟ್ಟಿದರೆ ರಿಲೀಸ್ ಬೇರಿಂಗನ್ನು. ಎಲ್ಲ ಗೇರುಗಳೂ ಬಿಗಿಯಾಗಿ, ರಿವರ್ಸ್ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ; ಎಷ್ಟೋ ಸಲ ಕೇಬಲ್ ಹೊಂದಿಸಿದರೆ ಸಾಕು. ಎರಡನೇ ಗೇರೊಂದೇ ಕಿರುಚಿದರೆ ಸಿಂಕ್ರೊನೈಸರ್ ರಿಂಗ್ ಸವೆದಿರಬಹುದು. ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ‘ಟಕ್’ ಎಂದರೆ ಮೊದಲು ನೋಡಬೇಕಾದದ್ದು ಶಾಫ್ಟಿನ ಕ್ರಾಸ್ ಜಾಯಿಂಟ್. ಇವುಗಳನ್ನು ಬೇರ್ಪಡಿಸದೆ ಬಾಕ್ಸ್ ಇಳಿಸುವುದು ನಾಡಿ ನೋಡದೆ ಶಸ್ತ್ರಚಿಕಿತ್ಸೆಗೆ ಕರೆದೊಯ್ದಂತೆ.

ಹಾಗಾದರೆ ನಂಬುವುದು ಯಾವುದನ್ನು? ಎಣ್ಣೆಯನ್ನು. ಹೊರಹರಿಸಿದ ಗೇರ್ ಆಯಿಲ್ ಒಳಗಿನ ಸ್ಥಿತಿಯನ್ನು ಯಾರ ಮುಲಾಜಿಲ್ಲದೆ ಹೇಳುತ್ತದೆ. ಬೂದಿಯಂಥ ನುಣ್ಣನೆ ಪುಡಿ ಸಹಜ ಸವೆತ, ಚಿನ್ನದ ಬಣ್ಣದ ಮಿನುಗು ಹಿತ್ತಾಳೆಯ ಸಿಂಕ್ರೊ ರಿಂಗಿನದು, ಉಕ್ಕಿನ ಚೂರು ಅಪಾಯದ ಸೂಚನೆ. ಹಾಕುವ ಎಣ್ಣೆಯಲ್ಲೂ ವಿವೇಕ ಬೇಕು. ಡಿಫರೆನ್ಷಿಯಲ್ಲಿಗೆ ಬೇಕಾದ ಜಿಎಲ್-5 ದರ್ಜೆಯ ಎಣ್ಣೆಯನ್ನೇ ಕೈಗೆ ಸಿಕ್ಕಿತೆಂದು ಗೇರ್‌ಬಾಕ್ಸಿಗೂ ಸುರಿಯುವ ಗ್ಯಾರೇಜುಗಳಿವೆ. ಅದರಲ್ಲಿರುವ ಗಂಧಕ-ರಂಜಕದ ಸಂಯುಕ್ತಗಳು ಹಿತ್ತಾಳೆಗೆ ಹಿತವಲ್ಲ. ಸಿಂಕ್ರೊ ರಿಂಗ್ ಕಚ್ಚಿ ಹಿಡಿಯಲು ಬೇಕಾದ ಘರ್ಷಣೆಯನ್ನೂ ಅವು ತಗ್ಗಿಸಬಲ್ಲವು. ಓನರ್ಸ್ ಮ್ಯಾನುಯಲ್ ಹೇಳಿದ ದರ್ಜೆಯೇ ಇಲ್ಲಿ ಅಂತಿಮ.

ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ತರಬೇತಾದ ಕೆಲಸಗಾರರು, ಅಸಲಿ ಬಿಡಿಭಾಗಗಳು ಇರುತ್ತವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಬಿಡಿಭಾಗಗಳನ್ನು ಅಲ್ಲಿಂದಲೇ ಕೊಳ್ಳುವುದು ಜಾಣತನ. ಆದರೆ ಪರಿಣತಿ ಅಲ್ಲಿಗಷ್ಟೇ ಮೀಸಲಾಗಿರುವುದು ಸಹಜವಾಗಿ ಆದದ್ದಲ್ಲ. ಬಿಡಿಭಾಗ, ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಅದರ ಮೇಲೆ ಮೇಲ್ಮನವಿಗಳಾದದ್ದೂ ನಿಜ. ಕಂಪ್ಯೂಟರಿನ ಹಂಗಿಲ್ಲದ ಓಮ್ನಿಯ ಗೇರ್‌ಬಾಕ್ಸಿಗಂತೂ ಅನುಭವಿ ಕೈಯೇ ಸಾಕು. ರಸ್ತೆಬದಿಯ ಮೇಸ್ತ್ರಿಯೇನು ಸತ್ಯಹರಿಶ್ಚಂದ್ರನೇ ಎಂದು ಕೇಳಬಹುದು. ಅಲ್ಲ. ಅದಕ್ಕಾಗಿಯೇ ಪುರಾವೆಯನ್ನು ಇಬ್ಬರಿಂದಲೂ ಕೇಳಬೇಕು. ಹಳೆಯ ಗಾಡಿಗೆ ಇಷ್ಟೆಲ್ಲ ಯಾಕೆ, ಮಾರಿಬಿಡಿ ಎನ್ನುವವರಿಗೆ ಉತ್ತರ ಇಷ್ಟೇ: ಹದಿನೈದು ವರ್ಷ ತುಂಬಿದ ಖಾಸಗಿ ವಾಹನವನ್ನೂ ಫಿಟ್‌ನೆಸ್ ಪರೀಕ್ಷೆಯ ಬಳಿಕ ಐದು ವರ್ಷಕ್ಕೆ ಮರುನೋಂದಣಿ ಮಾಡಿಸಬಹುದು. ಚಾಸಿಗೆ ತುಕ್ಕು ಹಿಡಿದಿಲ್ಲವಾದರೆ, ಒಂದೆರಡು ಲೀಟರ್ ಎಣ್ಣೆಯ ಖರ್ಚನ್ನು ಹೊಸ ವ್ಯಾನಿನ ಕಂತಿನೊಂದಿಗೆ ಹೋಲಿಸಿ ನೋಡಲಿ.

ಆದ್ದರಿಂದ ಜಾಬ್ ಕಾರ್ಡಿಗೆ ಸಹಿ ಹಾಕುವ ಮುನ್ನ ನಾಲ್ಕು ಸಂಗತಿಗಳನ್ನು ಬರೆಸಿಕೊಳ್ಳಿ: ಹೊರಬಂದ ಎಣ್ಣೆಯ ಪ್ರಮಾಣ, ಅದರ ಬಣ್ಣ ಮತ್ತು ಅದರಲ್ಲಿ ಸಿಕ್ಕ ಲೋಹ, ಕ್ಲಚ್ ಪೆಡಲಿನ ಸಡಿಲು ಎಷ್ಟು ಮಿಲಿಮೀಟರ್, ನಿಮ್ಮನ್ನು ಕೂರಿಸಿಕೊಂಡು ಓಡಿಸಿ ನೋಡಿದಾಗ ಕೇಳಿದ ಸದ್ದು. ಸೇವೆಯಲ್ಲಿನ ಕೊರತೆಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬೇಕಾಗಿ ಬಂದರೂ ನೆರವಾಗುವುದು ಇಂಥ ಬರಹವೇ. ಬರೆದುಕೊಡಲು ಹಿಂಜರಿಯುವ ಗ್ಯಾರೇಜು, ಬೋರ್ಡು ಎಷ್ಟೇ ದೊಡ್ಡದಿರಲಿ, ನಿಮ್ಮ ವ್ಯಾನಿನ ಗೇರ್‌ಬಾಕ್ಸ್ ಬಿಚ್ಚಲು ಯೋಗ್ಯವಲ್ಲ.